ಬೆರಳಿಗೆ ಸಿಕ್ಕ ಗಟ್ಟಿ ಹುಣ್ಣು

ಕೆ.ಆರ್. ಮಾರ್ಕೆಟ್‌ನಲ್ಲಿ ಹೂವು ಮಾರುವ ಅಮ್ಮ ಒಬ್ಬರು ಚಾಮರಾಜಪೇಟೆಯ ನಮ್ಮ ಕ್ಲಿನಿಕ್‌ಗೆ ಬಂದಿದ್ದು ಹಲ್ಲು ಕೀಳಿಸೋಕೆ. "ಈ ಹಲ್ಲು ಚುಚ್ಚಿ ಚುಚ್ಚಿ ಹುಣ್ಣಾಗಿದೆ ಡಾಕ್ಟ್ರಮ್ಮ, ಸಾರು ಬಾಯಿಗಿಟ್ರೆ ಉರಿಯುತ್ತೆ" ಅಂದರು. ಹುಣ್ಣು ಬಂದು ಒಂದೂವರೆ ತಿಂಗಳಾಗಿತ್ತು. ಬಿ-ಕಾಂಪ್ಲೆಕ್ಸ್ ಮಾತ್ರೆಯೂ ನುಂಗಿ ಆಗಿತ್ತು.

ಎಡಗೆನ್ನೆಯ ಒಳಗೆ, ಕೆಳಗಿನ ದವಡೆ ಹಲ್ಲಿನ ಎದುರಿಗೆ ಹುಣ್ಣು. ಸುತ್ತ ಬಿಳಿ ಮಚ್ಚೆ. ಇಪ್ಪತ್ತು ವರ್ಷದಿಂದ ಅವರು ಎಲೆ ಅಡಿಕೆ, ಕಡ್ಡಿಪುಡಿ ಒತ್ತರಿಸಿ ಇಟ್ಟುಕೊಳ್ಳುವ ಜಾಗವೂ ಅದೇ. ಕೈಗವಸು ಹಾಕಿ, ತೋರುಬೆರಳು ಒಳಗೆ, ಹೆಬ್ಬೆರಳು ಹೊರಗೆ ಇಟ್ಟು ಒತ್ತಿ ನೋಡಿದೆ. ಮಾಮೂಲಿ ಬಾಯಿಹುಣ್ಣು ಮೆತ್ತಗಿರುತ್ತದೆ, ಮುಟ್ಟಿದರೆ ವಿಪರೀತ ನೋವು. ಇದರ ಅಂಚು ನೆನೆಯದ ಕಡಲೆಕಾಳಿನ ಹಾಗೆ ಗಟ್ಟಿ. ಒತ್ತಿದರೂ ಅಷ್ಟು ನೋವಿಲ್ಲ. ಹೀಗೆ ಗಟ್ಟಿ ಸಿಕ್ಕಿದರೆ ನಾನು ಕಾಯುವುದಿಲ್ಲ.

ಹಿಂದೆ ಕಾದಿದ್ದೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಆಟೋ ಓಡಿಸುವವರೊಬ್ಬರಿಗೆ ಇಂಥದ್ದೇ ಹುಣ್ಣಿಗೆ ಚೂಪು ಹಲ್ಲಿನ ಮೊನೆ ತೇಯ್ದು, ಜೆಲ್ ಬರೆದು ಕಳಿಸಿದೆ. ಎರಡು ವಾರಕ್ಕೆ ಬಂದೇ ಬರಬೇಕು ಅಂತ ಒತ್ತಿ ಹೇಳಲಿಲ್ಲ. ಅವರು ಬಂದಿದ್ದು ಮೂರು ತಿಂಗಳಿಗೆ, ಕತ್ತಿನಲ್ಲಿ ಗಂಟಾದ ಮೇಲೆ. ಆ ಮೂರು ತಿಂಗಳು ಇವತ್ತಿಗೂ ನನ್ನನ್ನು ಕಾಡುತ್ತದೆ.

ಬಯಾಪ್ಸಿ ಮಾಡಬೇಕು, ಅಂದರೆ ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಅಂದ ಕೂಡಲೇ ಅಮ್ಮನ ಮಗ ಹೆದರಿದ. "ಚಾಕು ತಾಗಿದ್ರೆ ಹರಡುತ್ತಂತಲ್ಲ ಮೇಡಂ?" ಇಲ್ಲಪ್ಪ, ಸುಮ್ನೆ ಬಿಟ್ಟರೆ ಹರಡುತ್ತೆ ಅಂದೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಅಂಚಿನಿಂದಲೇ ಚೂರು ತೆಗೆದೆ, ಪಕ್ಕದ ಒಳ್ಳೆಯ ಚರ್ಮವೂ ಸ್ವಲ್ಪ ಬರುವ ಹಾಗೆ. ನಡುವಿನಿಂದ ತೆಗೆದರೆ ಬರೀ ಸತ್ತ ಭಾಗ ಬಂದು ರಿಪೋರ್ಟ್ ದಾರಿ ತಪ್ಪಿಸಬಹುದು. ಒಂದು ವಾರದಲ್ಲಿ ಉತ್ತರ ಬಂತು: ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಅಂದರೆ ಬಾಯಿಯ ಒಳಪದರದ ಕ್ಯಾನ್ಸರ್.

ಎಂಆರ್‌ಐನಲ್ಲಿ ಅಗಲ 1.5 ಸೆಂ.ಮೀ., ಆಳ 6 ಮಿ.ಮೀ. ಅಗಲ 2 ಸೆಂ.ಮೀ. ಒಳಗೇ ಇದ್ದರೂ ಆಳ 5 ಮಿ.ಮೀ. ದಾಟಿದರೆ, ಗಡ್ಡೆಯ ಗಾತ್ರ ಅಳೆಯುವ ಈಗಿನ ಲೆಕ್ಕದಲ್ಲಿ ಅದು ಟಿ2. ಕತ್ತಿನಲ್ಲಿ ಗಂಟು ಕಾಣಲಿಲ್ಲ. ಅಂದರೆ ಎರಡನೇ ಹಂತ, ಇನ್ನೂ ಆರಂಭವೇ.

ಹುಣ್ಣಿನ ಜೊತೆ ಕತ್ತಿನ ಗ್ರಂಥಿಗಳನ್ನೂ ತೆಗೆಯಬೇಕು ಅಂದೆ. "ಕತ್ತಲ್ಲಿ ಏನೂ ಇಲ್ವಲ್ಲ, ಅಲ್ಲಿ ಯಾಕೆ ಕೊಯ್ಯೋದು?" ಅಂತ ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 2015ರಲ್ಲಿ ಇದಕ್ಕೇ ಉತ್ತರ ಕೊಟ್ಟರು. ಆರಂಭದ ಹಂತದಲ್ಲೇ ಕತ್ತಿನ ಗ್ರಂಥಿಗಳನ್ನೂ ತೆಗೆಸಿಕೊಂಡವರಲ್ಲಿ ಮೂರು ವರ್ಷಕ್ಕೆ ನೂರಕ್ಕೆ 80 ಜನ ಬದುಕಿದ್ದರು. ಗಂಟು ಕಂಡರೆ ಮಾತ್ರ ತೆಗೆಯೋಣ ಅಂತ ಕಾದವರಲ್ಲಿ 67.5. ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಒಪ್ಪಿದರು.

ಹುಣ್ಣಿನ ಸುತ್ತ 1 ಸೆಂ.ಮೀ. ಒಳ್ಳೆಯ ಭಾಗವನ್ನೂ ಸೇರಿಸಿ ತೆಗೆದೆವು. ಆ ಗಾಯವನ್ನು ಕೆನ್ನೆಯೊಳಗಿನ ಕೊಬ್ಬನ್ನೇ ಎಳೆದು ಮುಚ್ಚಿದೆವು. ಮೊದಲು ಹಳದಿಯಾಗಿ ಕಾಣುವ ಆ ಕೊಬ್ಬು ಒಂದೂವರೆ ತಿಂಗಳೊಳಗೆ ಗುಲಾಬಿ ಬಣ್ಣದ ಪೊರೆ ಕಟ್ಟಿಕೊಳ್ಳುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಂತೋಷ. ತೆಗೆದ ಭಾಗದ ಅಂಚುಗಳಲ್ಲಿ, ಕತ್ತಿನ ಗ್ರಂಥಿಗಳಲ್ಲಿ ಕ್ಯಾನ್ಸರ್ ಇರಲಿಲ್ಲ. ರೇಡಿಯೇಷನ್ ಬೇಕಾಗಲಿಲ್ಲ. ಬಾಯಿ ಬಿಗಿಯದಂತೆ ಐಸ್‌ಕ್ರೀಮ್ ಕಡ್ಡಿಗಳನ್ನು ಜೋಡಿಸಿ ಬಾಯಿ ತೆರೆಯುವ ಅಭ್ಯಾಸ ಮಾತ್ರ ದಿನಾ ಮಾಡಿಸಿದೆವು. ಅಮ್ಮ ಎಲೆ ಅಡಿಕೆ ಬಿಟ್ಟರು, ಚೀಲ ಮಗನ ಕೈಗೆ ಒಪ್ಪಿಸಿದರು.

ಮೊದಲ ವರ್ಷ ತಿಂಗಳಿಗೊಮ್ಮೆ ಬರಬೇಕು ಅಂದಿದ್ದೆ. ನಾಲ್ಕನೇ ಸಲ ಬಂದಾಗ ನಾದಿನಿಯನ್ನೂ ಕರೆತಂದಿದ್ದರು. "ಇವಳೂ ಕಡ್ಡಿಪುಡಿ ಇಡ್ತಾಳೆ. ನನಗೆ ನೋಡಿದ ಹಾಗೆ ಬೆರಳಿಟ್ಟು ನೋಡಿ ಡಾಕ್ಟ್ರಮ್ಮ."