ನಗರದ ದಂಗೆಯ ಹಿರೀಕನನ್ನು ಹುಡುಕುವುದು: ಹೆಸರು ಬಿಟ್ಟು ಜಮೀನು ಹಿಡಿಯಿರಿ

ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯ ಮನೆಯಲ್ಲಿ "ನಮ್ಮ ಹಿರೀಕರು ದಂಗೇಲಿ ಕತ್ತಿ ಹಿಡಿದಿದ್ದರು" ಎಂಬ ಮಾತಿದ್ದರೆ ಮೊದಲು ಕೇಳಬೇಕಾದ್ದು ಯಾವ ಕಡೆಗೆ ಹಿಡಿದಿದ್ದರು ಎಂದು. 1830–31ರ ನಗರದ (ಊರಿನ ಹೆಸರೇ ನಗರ, ಹಳೆಯ ಬಿದನೂರು) ದಂಗೆಯಲ್ಲಿ ಒಂದೇ ಸೀಮೆಯ ಜನ ಎರಡೂ ಕಡೆ ನಿಂತರು. ಇಷ್ಟು ಕಂದಾಯ ತಂದೇ ತರುತ್ತೇನೆಂದು ಅಮಲ್ದಾರ (ತಾಲ್ಲೂಕಿನ ಅಧಿಕಾರಿ) ಸರ್ಕಾರಕ್ಕೆ ಮಾತುಕೊಟ್ಟು ವಸೂಲಿ ಮಾಡುತ್ತಿದ್ದ ಶರತ್ತು ಪದ್ಧತಿಯಲ್ಲಿ ಏರುತ್ತಲೇ ಹೋದ ಕಂದಾಯಕ್ಕೆ ರೈತರು ಕೂಟ ಕಟ್ಟಿದರು; ನಗರದ ಗಾದಿ ತನ್ನದೆಂದ ಬೂದಿ ಬಸವಪ್ಪ, ತರೀಕೆರೆಯ ಪಾಳೆಗಾರ ಆ ಕಡೆಯವರು. ಎದುರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಂದಾಚಾರದವರು (ಸ್ಥಳೀಯ ಕಾವಲು ಪಡೆ), ಬಾರಿನ ಸಿಪಾಯಿಗಳು (ಕಾಲಾಳುಗಳು), ಸಿಲ್ಲೇದಾರರು (ಸ್ವಂತ ಕುದುರೆಯ ಸವಾರರು), ಬೆನ್ನಿಗೆ ಕಂಪನಿಯ ಪಲ್ಟನ್ನು.

ಹೆಚ್ಚಿನವರು ಸೋಲುವುದು ಹೆಸರು ಹಿಡಿದು ಹೊರಟಾಗ. ಕೂಟದವರು ಹಾಜರಿ ಪಟ್ಟಿ ಇಟ್ಟು ಕಾದಿದವರಲ್ಲ. ಸರ್ಕಾರದ ಕಡೆಯವರ ಹೆಸರು ಸಿಕ್ಕರೂ ಬಸಪ್ಪ, ತಿಮ್ಮಪ್ಪ, ಹೂವಪ್ಪ ಎಂದಷ್ಟೇ ಇದ್ದರೆ ಅದು ಹತ್ತು ಊರಿನ ಯಾರೂ ಆಗಬಹುದು. ಅದಕ್ಕೇ ನಾನು ಜಮೀನಿನ ಬೆನ್ನು ಹತ್ತುವುದು. ಕಂದಾಚಾರದವರಿಗೆ ಸಂಬಳದ ಒಂದು ಪಾಲು ಭೂಮಿಯ ರೂಪದಲ್ಲೂ ಇತ್ತು. ಮನುಷ್ಯನ ಹೆಸರು ಮೊಮ್ಮಗನಿಗೆ ಹೋಗಿ ಗೊಂದಲವಾಗುತ್ತದೆ. ಗದ್ದೆ ಇದ್ದಲ್ಲೇ ಇರುತ್ತದೆ.

ಇಂದಿನ ಪಹಣಿಯಿಂದ ಹಿಂದಕ್ಕೆ ನಡೆಯಬೇಕು. ಗಣಕೀಕೃತ ಪಹಣಿಯ ಸರ್ವೆ ನಂಬರು ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲು ಅರ್ಜಿ ಕೊಡಿ: ಕೈಬರಹದ ಪಹಣಿ, ಮ್ಯುಟೇಷನ್ ರಿಜಿಸ್ಟರು, ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್. ಮೂಲ ಸರ್ವೆ ಟಿಪ್ಪಣಿ, ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಭೂದಾಖಲೆಗಳ ಇಲಾಖೆಯಲ್ಲಿ. ಅರ್ಜಿಯಲ್ಲಿ "ಹಳೇ ದಾಖಲೆ ಬೇಕು" ಎಂದು ಬರೆದರೆ "ಲಭ್ಯವಿಲ್ಲ" ಎಂಬ ಹಿಂಬರಹ ಬರುತ್ತದೆ. ಗ್ರಾಮ, ಹೋಬಳಿ, ಸರ್ವೆ ನಂಬರು, ಯಾವ ರಿಜಿಸ್ಟರು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಇಷ್ಟನ್ನೂ ಬಿಡಿಸಿ ಬರೆಯಿರಿ. ಒಂದು ರಿಜಿಸ್ಟರಿಗೆ ಒಂದು ಅರ್ಜಿ.

ಪ್ರತಿ ಮೆಟ್ಟಿಲಲ್ಲೂ ಹಿಡಿಯಬೇಕಾದ ಪದ "ಬಿನ್", ಅಂದರೆ ಇಂಥವರ ಮಗ. "ತಿಮ್ಮಪ್ಪ ಬಿನ್ ಹೂವಪ್ಪ" ಎಂದರೆ ಒಂದೇ ಸಾಲಿನಲ್ಲಿ ಎರಡು ತಲೆ (ತಲೆಮಾರು) ಸಿಕ್ಕಿತು. "ಕೋಂ" ಎಂದಿದ್ದರೆ ಹೆಂಡತಿ. ಗಂಡ ತೀರಿಕೊಂಡ ಮೇಲೆ ಖಾತೆ ಹೆಣ್ಣಿನ ಹೆಸರಿಗೆ ಬಂದಿರುವ ಜಾಗ ಇದು, ಹುಡುಕುವವರು ಇಲ್ಲೇ ದಾರಿ ತಪ್ಪುವುದು. ಒಂದು ತಲೆಗೆ 25ರಿಂದ 30 ವರ್ಷ ಹಿಡಿದರೆ, ಈಗ ಅರವತ್ತು ದಾಟಿದವರಿಂದ 1830ರ ಪ್ರಾಯದ ಸಿಪಾಯಿಗೆ ಸುಮಾರು ಆರು ತಲೆ. ಮೂರೇ ತಲೆಗೆ ಅಲ್ಲಿಗೆ ಮುಟ್ಟಿದರೆ ನಡುವೆ ಯಾರೋ ಬಿಟ್ಟುಹೋಗಿದ್ದಾರೆ.

ಮೈಸೂರಿನ ರೆವಿನ್ಯೂ ಸರ್ವೆ ಶುರುವಾದದ್ದು 1863ರಲ್ಲಿ, ಇನಾಮು (ಸೇವೆಗೋ ದಾನಕ್ಕೋ ಬಿಟ್ಟ ಭೂಮಿ) ವಿಚಾರಣೆಯೂ ಆ ದಶಕದ್ದೇ. ಆದ್ದರಿಂದ ಮೊದಲ ಸರ್ವೆಯ ಖಾತೆದಾರ ಸಾಮಾನ್ಯವಾಗಿ ದಂಗೆಯ ಮನುಷ್ಯನಲ್ಲ, ಅವನ ಮಗ ಅಥವಾ ಮೊಮ್ಮಗ. ಜಮೀನು ಇನಾಮಿನದಾಗಿದ್ದರೆ ಯಾವ ಸೇವೆಗೆ, ಯಾರ ಕಾಲದಲ್ಲಿ ಕೊಟ್ಟದ್ದು ಎಂಬುದು ಇನಾಮು ರಿಜಿಸ್ಟರಿನಲ್ಲಿರುತ್ತದೆ. ನನ್ನ ಲೆಕ್ಕದಲ್ಲಿ ಇಡೀ ಹುಡುಕಾಟದ ಅತಿ ಬೆಲೆಬಾಳುವ ಕಾಲಂ ಅದು. 1954ರ ಇನಾಮು ರದ್ದತಿ ಕಾನೂನಿನಡಿ ಹಾಕಿದ ಅರ್ಜಿಗಳ ಕಡತವನ್ನೂ ಕೇಳಿ. ಹಕ್ಕು ಸಾಧಿಸಲು ಹಳೆಯ ಸನದಿನ (ಭೂಮಿ ಕೊಟ್ಟ ಸರ್ಕಾರಿ ಪತ್ರದ) ನಕಲನ್ನು ಅದರ ಜೊತೆ ಲಗತ್ತಿಸಿರುವುದುಂಟು.

ಊರೇ ಮುಳುಗಿದ್ದರೆ? 1964ರ ಲಿಂಗನಮಕ್ಕಿ ಹಿನ್ನೀರಿನಲ್ಲಿ, ಅದಕ್ಕೂ ಮೊದಲು ಹಿರೇಭಾಸ್ಕರ ಅಣೆಕಟ್ಟಿನ ನೀರಿನಲ್ಲಿ ಜಮೀನು ಹೋದವರ ಈಗಿನ ಸರ್ವೆ ನಂಬರು ಪುನರ್ವಸತಿ ಕೊಟ್ಟ ಕಡೆಯದು, ಅದರ ಹಿಂದೆ ಹೋದರೆ ಕಾಡು ಸಿಗುತ್ತದೆ ಅಷ್ಟೆ. ಇಂಥವರು ಭೂಸ್ವಾಧೀನದ ಅವಾರ್ಡ್ (ಪರಿಹಾರದ ಆದೇಶ) ಪ್ರತಿಯಿಂದ ಶುರುಮಾಡಬೇಕು. ಮುಳುಗಿದ ಊರಿನ ಹೆಸರು, ಹಳೆಯ ಸರ್ವೆ ನಂಬರು ಅದರಲ್ಲಿರುತ್ತದೆ. ಹೊನ್ನಾಳಿ, ಚನ್ನಗಿರಿ 1997ರಿಂದ ದಾವಣಗೆರೆ ಜಿಲ್ಲೆಯವು ಎಂಬುದನ್ನೂ ಮರೆಯಬೇಡಿ.

ಜಮೀನಿನ ಸರಪಳಿ ಕೈಗೆ ಬಂದ ಮೇಲೆ ಬೆಂಗಳೂರಿನ ರಾಜ್ಯ ಪತ್ರಾಗಾರ, ಕೆಳದಿಯ ಮ್ಯೂಸಿಯಂ. ಊರು, ಹೋಬಳಿ, ಎರಡು ತಲೆಯ ಹೆಸರು ಗೊತ್ತಿಲ್ಲದೆ ಅಲ್ಲಿಗೆ ಹೋದರೆ ದಿನ ದಂಡ. ದಂಗೆಯ ನಂತರ ಬಂದ ಬ್ರಿಟಿಷ್ ಕಮಿಷನರ ಆಡಳಿತದ ಕಾಗದಗಳಲ್ಲಿ ಇಂಗ್ಲಿಷಿನವು ಸುಲಭ. ಮೋಡಿಯಲ್ಲಿ (ಹಳೆಯ ಕೂಡುಬರಹದ ಲಿಪಿ) ಬರೆದ ಮರಾಠಿಗೆ ಓದಬಲ್ಲವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಕೂಟದ ಕಡೆಯವನಾದರೆ ಸಿಪಾಯಿ ಎಂಬ ಶೀರ್ಷಿಕೆಯಡಿ ಹುಡುಕಬೇಡಿ. ಅವನು ಸಿಗುವುದು ಜಪ್ತಿ, ಜಾಮೀನು, ಶಿಕ್ಷೆ, ಕೌಲು (ಅಭಯದ ಕರಾರು) ಎಂಬ ತಲೆಬರಹಗಳ ಕೆಳಗೆ.

ತೇದಿಯಲ್ಲಿ ಆಗುವ ತಪ್ಪು ಬಹಳ. ದಂಗೆಯ ಕಾಲ ವಿಕೃತಿ ಸಂವತ್ಸರ, ಶಕ 1752; ಮುಂದಿನದು ಖರ. ಶಕಕ್ಕೆ 78 ಕೂಡಿಸಿದರೆ 1830 ಸರಿ, ಆದರೆ ವಿಕೃತಿಯ ಮಾಘ, ಫಾಲ್ಗುಣ ಬೀಳುವುದು 1831ರಲ್ಲಿ. ಇನ್ನೊಂದು ಹಳ್ಳ: ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಬರೀ "ವಿಕೃತಿ" ಎಂದಿದ್ದರೆ ಅದು ಹೈದರನ ಕಾಲದ 1770 ಇರಬಹುದು, 1890 ಕೂಡ ಇರಬಹುದು. ಕಾಗದದಲ್ಲಿ ಅಮಲ್ದಾರನ ಹೆಸರೋ ನಾಣ್ಯದ ಲೆಕ್ಕವೋ ಇದ್ದರೆ ಅದರಿಂದ ನಿಶ್ಚಯಿಸಬೇಕು. "ಗ" ಎಂದು ಮೊದಲಿಟ್ಟು ಬರೆದ ಅಂಕಿ ವರಹದ್ದು, ಹತ್ತು ಹಣಕ್ಕೆ ಒಂದು ವರಹ. ಲೆಕ್ಕ ರೂಪಾಯಿ, ಆಣೆಯಲ್ಲಿದ್ದರೆ 1770ನ್ನು ಬಿಟ್ಟುಬಿಡಿ.

ಅಟ್ಟದ ಮೇಲೆ ಕಪ್ಪು ಬಟ್ಟೆಯ ಕಡತ ಸಿಕ್ಕರೆ ದಯವಿಟ್ಟು ಒದ್ದೆ ಬಟ್ಟೆ ಮುಟ್ಟಿಸಬೇಡಿ. ಹುಣಿಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದದ್ದು ಅದು. ನೀರು ತಾಗಿದರೆ ಅಕ್ಷರವೂ ಹೋಯಿತು, ಕಪ್ಪೂ ಹೋಯಿತು. ಮೆತ್ತನೆಯ ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ. ಮಡಿಕೆಯನ್ನು ಒಂದೊಂದಾಗಿ ಬಿಡಿಸಿ, ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಮೇಜಿನ ಮಟ್ಟದಲ್ಲಿ ಪಕ್ಕದಿಂದ ಹಿಡಿದು ಫೋಟೊ ತೆಗೆಯಿರಿ. ಎಡದಿಂದ ಒಂದು, ಬಲದಿಂದ ಒಂದು. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಮಾಸಿದ ಗೆರೆ ಮಾಯವಾಗುತ್ತದೆ. ಮಳೆಗಾಲದಲ್ಲಿ ಬಿಡಿಸುವ ಕೆಲಸಕ್ಕೆ ಕೈಹಾಕಬೇಡಿ, ಮಲೆನಾಡಿನ ಥಂಡಿಗೆ ಮಡಿಕೆಗಳು ಒಂದಕ್ಕೊಂದು ಹಿಡಿದುಕೊಂಡಿರುತ್ತವೆ; ಫೆಬ್ರವರಿ, ಮಾರ್ಚು ಒಳ್ಳೆಯ ಕಾಲ.

ಆಯುಧಪೂಜೆಗೆ ಇಡುವ ಕೋವಿಯನ್ನು ಸಾಕ್ಷಿ ಎಂದು ತೋರಿಸುವವರಿದ್ದಾರೆ. ಕೇಪಿನ (ಹೊಡೆದರೆ ಸಿಡಿಯುವ ಪುಟ್ಟ ಟೋಪಿಯ) ಕೋವಿ ಇಲ್ಲಿ ಸಿಪಾಯಿಗಳ ಕೈಗೆ ಬಂದದ್ದು 1840ರ ನಂತರ. ದಂಗೆಯ ಕಾಲದ್ದು ಬತ್ತಿಯ ಕೋವಿ ಅಥವಾ ಚಕಮಕಿಯದು. ಆದರೆ ಚಕಮಕಿಯದನ್ನೇ ಮುಂದೆ ಕೇಪಿಗೆ ಮಾರ್ಪಡಿಸಿದ್ದೂ ಉಂಟು. ಕೋವಿಯ ಕುದುರೆಯ (ಬಡಿಯುವ ಸುತ್ತಿಗೆಯ) ಪಕ್ಕದ ಕಬ್ಬಿಣದ ತಗಡನ್ನು ಓರೆ ಬೆಳಕಿನಲ್ಲಿ ನೋಡಿ: ಮದ್ದಿನ ಬಟ್ಟಲು ಕೂತಿದ್ದ ಜಾಗದಲ್ಲಿ ತುಂಬಿ ಉಜ್ಜಿದ ಸ್ಕ್ರೂ ತೂತಿನ ಗುರುತು ಕಂಡರೆ ಆ ಕೋವಿ ಹಳೆಯದು. ಹಳೆಯದು ಎಂದಷ್ಟೇ, ಹಿಡಿದವರು ಯಾರೆಂದು ಅದು ಹೇಳುವುದಿಲ್ಲ.

ವೀರಗಲ್ಲಿನದೂ ಇದೇ ಕಥೆ. ತೋಟದ ಅಂಚಿನ ಮೂರು ಪಟ್ಟಿಕೆಯ ಕಲ್ಲು, ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗ, ದಂಗೆಗಿಂತ ಶತಮಾನಗಳಷ್ಟು ಹಿಂದಿನದು. ಅಕ್ಷರವಿದ್ದರೆ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ನೋಡಿ: 7ನೇ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ; 8ರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. "ನೆತ್ತರುಗೊಡಗೆ", "ಕಲ್ನಾಡು" ಎಂದಿದ್ದರೆ ಸತ್ತ ವೀರನ ಮನೆಗೆ ಭೂಮಿ ಬಿಟ್ಟ ಲೆಕ್ಕ. ಆದರೆ ಅಲ್ಲಿಂದ ಇಂದಿನ ಪಹಣಿಗೆ ಸರಪಳಿ ಕೂಡುವುದಿಲ್ಲ. ಕಲ್ಲನ್ನು ವಂಶವೃಕ್ಷಕ್ಕೆ ಸೇರಿಸಬೇಡಿ.

ವಂಶವೃಕ್ಷ ಬರೆಯುವಾಗ ನಾನು ಎರಡು ಬಣ್ಣ ಬಳಸುತ್ತೇನೆ: ದಾಖಲೆಯಲ್ಲಿ "ಬಿನ್" ಎಂದು ಕಂಡದ್ದು ಕಪ್ಪು, ಹಿರಿಯರು ಬಾಯಲ್ಲಿ ಹೇಳಿದ್ದು ಕೆಂಪು. ಕಪ್ಪು ಹೆಸರಿನ ಕೆಳಗೆ ಊರು, ಸರ್ವೆ ನಂಬರು, ರಿಜಿಸ್ಟರು, ಪುಟ. ಕೆಂಪಿನ ಕೆಳಗೆ ಹೇಳಿದವರು ಯಾರು, ಯಾವ ದಿನ ಎಂದು. ಕೆಂಪು ಹೆಸರಿಗೆ ಕಾಗದ ಸಿಕ್ಕಿದ ದಿನ ಅದರ ಮೇಲೆಯೇ ಕಪ್ಪಿನಲ್ಲಿ ತಿದ್ದುತ್ತೇನೆ, ಅಳಿಸುವುದಿಲ್ಲ.