ಪೋಕರ್: ಎಷ್ಟು ಹಾಕಬೇಕೆಂದು ಪಾಟ್ ಹೇಳುತ್ತದೆ

ಗಂಗಾವತಿ, ಸಿಂಧನೂರು ಕಡೆ ಇಸ್ಪೀಟೆಲೆ ಹಿಡಿಯಲು ಯಾರಿಗೂ ಹೇಳಿಕೊಡಬೇಕಿಲ್ಲ. ಅಂದರ್ ಬಾಹರ್, ರಮ್ಮಿ, ತೀನ್ ಪತ್ತಿ ಎಲ್ಲ ಬರುತ್ತವೆ. ಈಗ ಹುಡುಗರು ಮೊಬೈಲ್‌ನಲ್ಲಿ ನೋಡಿ ಪೋಕರ್‌ಗೂ ಕೂರುತ್ತಾರೆ. ಆದರೆ ಕೂತ ಮೇಲೆ ಆಡುವುದು ತೀನ್ ಪತ್ತಿಯನ್ನೇ: ಚಾಲ್ ಮೇಲೆ ಚಾಲ್, ಕೊನೆಗೆ ಶೋ.

ದುಡ್ಡಿನ ವಿಷಯ ಮೊದಲೇ ಮುಗಿಸಿಬಿಡೋಣ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಕಟ್ಟೆಯ ಮೇಲೆ ಪಣಕ್ಕೆ ಕೂತರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದ್ದೇ ಇದೆ. ಆದ್ದರಿಂದ ಹುಣಸೆ ಬೀಜ ತನ್ನಿ, ತಲೆಗೆ 200 ಹಂಚಿ. ಲೆಕ್ಕ ಕಲಿಯಲು ಅಷ್ಟು ಸಾಕು.

ಬ್ಲೈಂಡ್ ಇಡಿ. ಎಲೆ ಹಂಚುವವರ ಎಡಗಡೆಯವರು 1 ಬೀಜ, ಅವರ ಪಕ್ಕದವರು 2 ಬೀಜ ಮೊದಲೇ ಇಡಬೇಕು. ತೀನ್ ಪತ್ತಿಯ ಬ್ಲೈಂಡ್ ಬೇರೆ, ಇದು ಬೇರೆ. ಇಲ್ಲಿ ಎಲ್ಲರೂ ತಮ್ಮ ಎರಡೆಲೆ ನೋಡಿಯೇ ಆಡುತ್ತಾರೆ. ನಡುವೆ ಬೀಳುವ ಐದೆಲೆ ಎಲ್ಲರಿಗೂ ಸೇರಿದ್ದು.

ಬಂದರೆ ಏರಿಸಿ ಬನ್ನಿ. ಆಡುವಂಥ ಎಲೆ ಬಂದು, ನಿಮಗಿಂತ ಮುಂಚೆ ಯಾರೂ ಹಾಕಿರದಿದ್ದರೆ ದೊಡ್ಡ ಬ್ಲೈಂಡಿನ ಮೂರರಷ್ಟು, ಅಂದರೆ 6 ಬೀಜ ಹಾಕಿ. ಬರೀ 2 ಹಾಕಿ ಒಳಗೆ ಬಂದವರು ಒಬ್ಬರಿದ್ದರೆ ಇನ್ನೂ 2 ಸೇರಿಸಿ. ಮೊದಲು ಮಾತಾಡಬೇಕಾದ ಜಾಗದಲ್ಲಿದ್ದರೆ ದೊಡ್ಡ ಜೋಡಿ, ಎಕ್ಕ-ರಾಜ ಇಂಥವಕ್ಕಷ್ಟೇ ಕೈ ಹಾಕಿ, ಉಳಿದದ್ದು ಪ್ಯಾಕ್. ಹಂಚುವವರ ಜಾಗ ನಿಮ್ಮದಾದರೆ ಫ್ಲಾಪ್‌ನಿಂದ, ಅಂದರೆ ನಡುವೆ ಮೊದಲ ಮೂರೆಲೆ ಬಿದ್ದಾಗಿನಿಂದ, ಮುಂದೆ ಪ್ರತಿ ಸುತ್ತಲ್ಲೂ ಕೊನೆಯ ಮಾತು ನಿಮ್ಮದು. ಮಿಕ್ಕವರು ಏನು ಮಾಡಿದರೆಂದು ಕಂಡಮೇಲೆ ಆಡುವುದರಿಂದ ಅಲ್ಲಿ ಇನ್ನಷ್ಟು ಎಲೆಗಳನ್ನು ಆಡಬಹುದು.

ಪಾಟ್ ಎಣಿಸಿ ಹಾಕಿ. ಪಾಟ್ ಎಂದರೆ ಎಲ್ಲರೂ ಹಾಕಿ ನಡುವೆ ಸೇರಿದ ಬೀಜ. ಫ್ಲಾಪ್‌ನ ಮೂರೆಲೆ ಬಿದ್ದವು ಎನ್ನಿ. ಒಳ್ಳೆ ಎಲೆಗೆ 30, ಸಾಧಾರಣ ಎಲೆಗೆ 5 ಹಾಕುವ ಚಾಳಿ ನಮ್ಮವರಲ್ಲಿ ಬಹಳ. ನಾಲ್ಕು ಆಟದೊಳಗೆ ಪಕ್ಕದವರು ನಿಮ್ಮ ಎಲೆಯನ್ನು ಬೀಜ ನೋಡಿಯೇ ಹೇಳುತ್ತಾರೆ. ಪಾಟ್‌ನಲ್ಲಿ 40 ಇದ್ದರೆ ಬಲವಿದ್ದಾಗಲೂ ಬೊಗಳೆ ಬಿಡುವಾಗಲೂ ಅರ್ಧ, 20 ಹಾಕಿ. ಹಾಕಲು ಕಾರಣವಿಲ್ಲದಿದ್ದರೆ ಏನೂ ಹಾಕದೆ ಚೆಕ್ ಎನ್ನಿ. ಮುಂದೆ ಯಾರೂ ಹಾಕದಿದ್ದರೆ ಮುಂದಿನ ಎಲೆ ಪುಕ್ಕಟೆ. ತೀನ್ ಪತ್ತಿಯಲ್ಲಿ ಈ ಸೌಲಭ್ಯ ಇಲ್ಲವಾದ್ದರಿಂದ ನಮ್ಮವರಿಗೆ ಅದು ನೆನಪಿಗೇ ಬರುವುದಿಲ್ಲ.

ಎದುರಾಳಿ ಹಾಕಿದಾಗ ಬೆಲೆ ನೋಡಿ. ಆಟ ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಇಲ್ಲೇ. ನಡುವೆ ನಾಲ್ಕನೇ ಎಲೆಯೂ ಬಿದ್ದಿದೆ. ನಿಮ್ಮ ಎರಡೂ ನಡುವಿನ ಎರಡೂ ಸೇರಿ ನಾಲ್ಕು ಆಟಿನ್. ಐದನೆಯದು ಬಿದ್ದರೆ ಫ್ಲಶ್. ಪಾಟ್ 40, ಎದುರಿನವರು 20 ಹಾಕಿದರು. ನೀವು 20 ಕೊಟ್ಟರೆ ಒಟ್ಟು 80. ಎಂಬತ್ತಕ್ಕೆ ಇಪ್ಪತ್ತು ಎಂದರೆ ನಾಲ್ಕರಲ್ಲಿ ಒಂದು ಸಲವಾದರೂ ಗೆಲ್ಲಬೇಕು. ನಿಮಗೆ ಕಾಣದ ಎಲೆ 46, ಅವುಗಳಲ್ಲಿ ಆಟಿನ್ 9. ಅಂದರೆ ಐದರಲ್ಲಿ ಒಂದಕ್ಕಿಂತ ತುಸು ಕಡಿಮೆ. ಬೆಲೆ ದುಬಾರಿ, ಪ್ಯಾಕ್ ಮಾಡಿ. ಫ್ಲಶ್ ಆದಮೇಲೂ ಅವರು ಕೈಬಿಚ್ಚಿ ಕೊಡುವ ಗಿರಾಕಿ ಎಂದು ಗೊತ್ತಿದ್ದರೆ ಮಾತು ಬೇರೆ. ಅದೇ ಅವರು 10 ಮಾತ್ರ ಹಾಕಿದ್ದರೆ 60ಕ್ಕೆ 10, ಆರರಲ್ಲಿ ಒಂದು ಗೆದ್ದರೆ ಸಾಕು. ಕಣ್ಣುಮುಚ್ಚಿ ಕೊಡಿ.

ತಲೆಯಲ್ಲೇ ಲೆಕ್ಕ ಹಾಕಲು ಒಂದು ಅಡ್ಡದಾರಿ ಇದೆ: ಒಂದೆಲೆ ಬಾಕಿ ಇದ್ದರೆ ಬೇಕಾದ ಎಲೆಗಳ ಸಂಖ್ಯೆಯನ್ನು 2ರಿಂದ, ಎರಡೆಲೆ ಬಾಕಿ ಇದ್ದರೆ 4ರಿಂದ ಗುಣಿಸಿ. ಹೆಚ್ಚುಕಡಿಮೆ ಶೇಕಡಾವಾರು ಸಿಗುತ್ತದೆ. ನಾಲ್ಕರ ಲೆಕ್ಕ ನಂಬುವುದು ಎರಡೂ ಎಲೆ ನೋಡುವವರೆಗೆ ಮತ್ತೆ ಕೊಡಬೇಕಿಲ್ಲದಾಗ ಮಾತ್ರ.

ಎದುರಿನವರ ಲೆಕ್ಕವೂ ಇದೇ. ನಿಮ್ಮದು ಎಕ್ಕದ ಜೋಡಿ, ನಡುವೆ ಎರಡು ಆಟಿನ್ ಕಾಣುತ್ತಿದ್ದರೆ ಅವರಿಗೆ ಅಗ್ಗದಲ್ಲಿ ಎಲೆ ತೋರಿಸಬೇಡಿ.

ಬೊಗಳೆಗೂ ಲೆಕ್ಕವಿದೆ. ಪಾಟ್ 40ಕ್ಕೆ 20 ಹಾಕಿ ಹೆದರಿಸಿದರೆ ಮೂರರಲ್ಲಿ ಒಂದು ಸಲ ಅವರು ಪ್ಯಾಕ್ ಮಾಡಿದರೂ ಅಸಲು ಬಂತು. ಪೂರಾ 40 ಹಾಕಿದರೆ ಎರಡರಲ್ಲಿ ಒಂದು ಸಲ ಓಡಬೇಕು. ಏನೇ ಹಾಕಿದರೂ ಶೋ ನೋಡದೆ ಏಳದವರು ಪ್ರತಿ ಊರಲ್ಲೂ ಇರುತ್ತಾರೆ. ಅವರ ಮುಂದೆ ಬೊಗಳೆ ಬೇಡ, ಒಳ್ಳೆ ಎಲೆ ಬಂದಾಗ ದೊಡ್ಡದಾಗಿ ಹಾಕಿ.

ಐದನೇ ಎಲೆ ಬಿದ್ದಮೇಲೆ ನಡುಮಟ್ಟದ ಜೋಡಿ ಹಿಡಿದು ಬೀಜ ಹಾಕಬೇಡಿ. ನಿಮಗಿಂತ ಸಣ್ಣವರು ಪ್ಯಾಕ್ ಮಾಡುತ್ತಾರೆ, ದೊಡ್ಡವರಷ್ಟೇ ಉಳಿಯುತ್ತಾರೆ. ಚೆಕ್ ಎಂದು ಎಲೆ ತಿರುಗಿಸಿ.