ವ್ಯಾಂಪೈರ್ ಕಥೆ ಓದುವಾಗ ಹಲ್ಲಿಗಿಂತ ಮೊದಲು ಬೀಗ ನೋಡಿ

ವ್ಯಾಂಪೈರ್ ಕಥೆ ಅಂದರೆ ಹಿಂಸೆಯ ಸಂಬಂಧದ ಕಥೆ ಅಂತ ತುಂಬ ಜನ ಹೇಳುತ್ತಾರೆ. ಎಲ್ಲಿದೆ ತೋರಿಸಿ ಅಂದರೆ ರಕ್ತ ಹೀರುವ ದೃಶ್ಯಕ್ಕೆ ಬೆರಳು ಇಟ್ಟು ಸುಮ್ಮನಾಗುತ್ತಾರೆ. ರಕ್ತ ಬರುವುದು ಕಡೆಗೆ. ಹುಡುಕಬೇಕಾದ್ದು ಅದಕ್ಕೂ ಮುಂಚೆ ನಡೆಯುವುದನ್ನು.

'ಡ್ರಾಕುಲಾ'ದಿಂದ (1897) ಶುರು ಮಾಡಿ, ಮೊದಲ ನಾಲ್ಕು ಅಧ್ಯಾಯ ಸಾಕು. ಪೆನ್ಸಿಲ್ ಹಿಡಿದು, ಬಾಗಿಲು, ಬೀಗ, ಪತ್ರ, ಬಟ್ಟೆಯ ಮಾತು ಬಂದಲ್ಲೆಲ್ಲ ಗೆರೆ ಎಳೆಯಿರಿ. ವ್ಯಾಂಪೈರ್ ಕೌಂಟ್ ಡ್ರಾಕುಲಾನ ಕೋಟೆಗೆ ಮನೆ ಖರೀದಿಯ ಕೆಲಸಕ್ಕೆ ಬಂದ ವಕೀಲ ಜೊನಾಥನ್ ಹಾರ್ಕರ್‌ಗೆ ಮೊದಲ ದಿನ ಊಟ ಉಪಚಾರ ಜೋರು. ಆಮೇಲೆ ನೋಡಿದರೆ ಕೋಟೆಯ ಬಾಗಿಲುಗಳಿಗೆಲ್ಲ ಬೀಗ. ಒಂದು ತಿಂಗಳು ಇಲ್ಲೇ ಇರಬೇಕು ಅಂತ ಕೌಂಟ್ ಹೇಳಿಬಿಡುತ್ತಾನೆ, ಇವನಿಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ಮೇ ತಿಂಗಳಲ್ಲೇ ಕೂರಿಸಿ ಮೂರು ಪತ್ರ ಬರೆಸುತ್ತಾನೆ: ಕೆಲಸ ಮುಗಿಯುತ್ತಾ ಬಂತು, ನಾಳೆ ಹೊರಡುತ್ತೇನೆ, ಕೋಟೆ ಬಿಟ್ಟು ಬಿಸ್ಟ್ರಿಟ್ಸ್ ಊರು ತಲುಪಿದ್ದೇನೆ. ಮೂರಕ್ಕೂ ಜೂನ್ ತಾರೀಖು. ಇವನು ಸತ್ತರೂ ಮನೆಯವರಿಗೆ ಎಲ್ಲ ಸರಿಯಾಗಿದೆ ಅಂತಲೇ ಕಾಣಬೇಕು, ಅಷ್ಟೇ ಲೆಕ್ಕ. ಗುಟ್ಟಾಗಿ ಬರೆದ ಪತ್ರ ಸುಟ್ಟುಹೋಗುತ್ತದೆ, ಪ್ರಯಾಣದ ಬಟ್ಟೆ ಮಾಯವಾಗುತ್ತದೆ. ಇಷ್ಟಾದರೂ ಕೌಂಟ್ ಅವನ ಕುತ್ತಿಗೆಗೆ ಹಲ್ಲು ಊರಿದ ದೃಶ್ಯ ಬಂದಿಲ್ಲ ನೋಡಿ. ಈಗ ಪತ್ರದ ಜಾಗದಲ್ಲಿ ಫೋನ್ ಇಟ್ಟು ಇನ್ನೊಮ್ಮೆ ಓದಿ. "ಆರಾಮಿದ್ದೀನಿ ಅಂತ ಅಮ್ಮನಿಗೆ ಮೆಸೇಜ್ ಹಾಕು, ನನ್ನೆದುರಿಗೇ ಹಾಕು."

ಪ್ರೇಮಕಥೆಯಾಗಿದ್ದರೆ ಇನ್ನೊಂದು ಉಪಾಯ ಇದೆ. ನಾಯಕನ ಚೆಲುವು, ದುಡ್ಡು, ನೂರು ವರ್ಷದ ದುಃಖ ಎಲ್ಲ ತೆಗೆದು ಅವನು ಮಾಡಿದ್ದನ್ನು ಮಾತ್ರ ಒಂದು ವಾಕ್ಯದಲ್ಲಿ ಹೇಳಿ. 'ಟ್ವೈಲೈಟ್' ಸರಣಿಯ 'ಎಕ್ಲಿಪ್ಸ್'ನಲ್ಲಿ (2007) ವ್ಯಾಂಪೈರ್ ನಾಯಕ ಎಡ್ವರ್ಡ್ ಮಾಡುವುದು ಹೀಗಾಗುತ್ತದೆ: ಹುಡುಗಿ ಗೆಳೆಯನನ್ನು ನೋಡಲು ಹೋಗಬಾರದು ಅಂತ ಹುಡುಗ ಅವಳ ಗಾಡಿಯ ಇಂಜಿನ್‌ನಿಂದ ಒಂದು ಭಾಗ ಬಿಚ್ಚಿಟ್ಟ. ಆ ಗೆಳೆಯ ತೋಳವಾಗುವವನು, ಅಪಾಯ, ಅವಳ ಒಳ್ಳೆಯದಕ್ಕೇ ಅಂತ ಕಾರಣ ಕೊಡುತ್ತಾನೆ. ಮುಂದೆ ಸಡಿಲ ಬಿಡುತ್ತಾನೆ, ಅದೂ ನಿಜ. ಆದರೆ ಹಿಡಿಯುವುದೂ ಬಿಡುವುದೂ ಅವನ ಕೈಯಲ್ಲೇ ಇದೆ, ಅಲ್ವಾ? (ಅಭಿಮಾನಿಗಳು ಬೈಯಬಹುದು, ಬೈಯಲಿ. ಪುಸ್ತಕ ಇಷ್ಟಪಟ್ಟುಕೊಂಡೇ ಇದನ್ನು ಹೇಳಬಹುದು.)

"ಅಷ್ಟು ಕಷ್ಟ ಇದ್ದರೆ ಬಿಟ್ಟು ಬರಬಾರದಾ?" ಅನ್ನುವವರಿಗೆ 'ಇಂಟರ್‌ವ್ಯೂ ವಿತ್ ದ ವ್ಯಾಂಪೈರ್' (1976) ಕೊಡಿ. ತಾನೇ ವ್ಯಾಂಪೈರ್ ಮಾಡಿದ ಲೂಯಿ ಬಿಟ್ಟುಹೋಗುತ್ತಾನೆ ಅನ್ನಿಸಿದಾಗ ಲೆಸ್ಟಾಟ್ ಅನ್ನುವ ವ್ಯಾಂಪೈರ್ ಐದು ವರ್ಷದ ಮಗುವನ್ನು ವ್ಯಾಂಪೈರ್ ಮಾಡಿ ಇವನ ಮಡಿಲಿಗೆ ಹಾಕುತ್ತಾನೆ. ಒಂದು ಮಗು ಆದರೆ ಸರಿಹೋಗುತ್ತದೆ ಅನ್ನುವ ಮಾತು ನಮ್ಮಲ್ಲಿ ಯಾರ ಕಿವಿಗೆ ಬಿದ್ದಿಲ್ಲ ಹೇಳಿ. ಬಾಯಿ ಕಟ್ಟುವುದು ಹೇಗೆ ಅಂತ ನೋಡಲು 1819ರ 'ದ ವ್ಯಾಂಪೈರ್' ಇದೆ. ತನ್ನ ವಿಷಯ ಒಂದು ವರ್ಷ ಒಂದು ದಿನ ಯಾರಿಗೂ ಹೇಳಬಾರದು ಅಂತ ವ್ಯಾಂಪೈರ್ ಲಾರ್ಡ್ ರುಥ್ವೆನ್ ಆಬ್ರೆ ಅನ್ನುವ ಯುವಕನಿಂದ ಆಣೆ ಮಾಡಿಸಿಕೊಳ್ಳುತ್ತಾನೆ. ಹೇಳಲಾಗದೆ ಒದ್ದಾಡುವ ಆಬ್ರೆಗೆ ಹುಚ್ಚನ ಪಟ್ಟ ಸಿಗುತ್ತದೆ, ರುಥ್ವೆನ್ ಅವನ ತಂಗಿಯನ್ನೇ ಮದುವೆಯಾಗುತ್ತಾನೆ.

ಒಳಗೆ ಕರೆಯುವ ಮಾತನ್ನೂ ಗಮನಿಸಿ. ನಮ್ಮ ಬೆಂಗಳೂರಿನ ದೆವ್ವ ಬಾಗಿಲ ಮೇಲೆ "ನಾಳೆ ಬಾ" ಅಂತ ಓದಿಕೊಂಡು ವಾಪಸ್ ಹೋಗುತ್ತಿತ್ತಂತೆ, ಪಾಪ. ಡ್ರಾಕುಲಾ ಹಾಗಲ್ಲ. ಮನೆಯವರು ಒಮ್ಮೆ ಕರೆದರೆ ಸಾಕು, ಆಮೇಲೆ ಬೇಕೆಂದಾಗ ಬರಬಹುದು. ಅವತ್ತು ಹೂಂ ಅಂದಿದ್ದೀಯ, ಇವತ್ತೇನು ನಾಟಕ ಅನ್ನುವ ಗಂಡನ ದನಿ ಇದೇ.

ಈ ರೂಪಕವನ್ನು ಜಾಸ್ತಿ ಎಳೆಯಬೇಡಿ. ವ್ಯಾಂಪೈರ್‌ಗೆ ರಕ್ತ ಇಲ್ಲದೆ ಬದುಕಿಲ್ಲ, ಪಾಪ ಅವನ ಹಸಿವು ಅನ್ನಬಹುದು. ಮನೆಯಲ್ಲಿ ಹೊಡೆಯುವವನಿಗೆ ಅಂಥ ಹಸಿವಿಲ್ಲ. ಆಫೀಸಿನಲ್ಲಿ ಬಾಸ್ ಎದುರು ಅವನ ಕೈ ಎಷ್ಟು ಚೆನ್ನಾಗಿ ಸುಮ್ನಿರುತ್ತದೆ! ಗೂಟದ ಕಥೆಯೂ ಅಷ್ಟೇ. ಕಾದಂಬರಿಯಲ್ಲಿ ಎದೆಗೆ ಗೂಟ ಬಿದ್ದರೆ ಮುಗಿಯಿತು, ನಿಜ ಜೀವನದಲ್ಲಿ ಬಿಟ್ಟು ಹೊರಡುವ ಹೊತ್ತಲ್ಲೇ ಅಪಾಯ ಜಾಸ್ತಿ. ಓದುತ್ತಾ ಓದುತ್ತಾ ಯಾರದೋ ಮುಖ ನೆನಪಾದರೆ "ಬಿಟ್ಟು ಬಾ" ಅಂತ ಒತ್ತಾಯ ಮಾಡಬೇಡಿ. ಅವಳು ಒಬ್ಬಳೇ ಇರುವಾಗ ಮಾತಾಡಿಸಿ, ಮಹಿಳಾ ಸಹಾಯವಾಣಿ 181 ಅಂತ ತಿಳಿಸಿ. ಮೆಸೇಜ್‌ನಲ್ಲಿ ಮಾತ್ರ ಬೇಡ, ಫೋನ್ ಯಾರ ಕೈಯಲ್ಲಿರುತ್ತದೋ.